ಹನ್ನೊಂದು ಸುಳಿಯ ಎತ್ತು

ಮಸಗುಪ್ಪಿಯಲ್ಲಿ ನಿಂತಿರುವ ಒಂದು ಎತ್ತನ್ನು ಯಮಕನಮರಡಿಯಲ್ಲಿ ಮಲಗಿರುವ ಮಾವನವರಿಗೆ ಮೊಬೈಲಿನಲ್ಲಿ ತೋರಿಸುವುದು ನನ್ನಂಥ ವಿಜ್ಞಾನದ ಮಾಸ್ತರನಿಗೆ ನೀರು ಕುಡಿದಷ್ಟು ಸುಲಭ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಈ ನಂಬಿಕೆಗೆ ಆಧಾರವೂ ಇತ್ತು. ಗೋಕಾಕದ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ಬೆಳಕಿನ ಪಾಠ ಮಾಡುತ್ತಿದ್ದೇನೆ. ನಮ್ಮ ಓಣಿಯಲ್ಲಿ ಯಾರ ಫೋನು ಕೆಟ್ಟರೂ ಮೊದಲು ನನ್ನ ಹತ್ತಿರವೇ ತರುತ್ತಾರೆ. ನಾನು ನೋಡಿದ ಮೇಲೆ ರಿಪೇರಿ ಅಂಗಡಿಗೆ ಒಯ್ಯುತ್ತಾರೆ, ಅದು ಬೇರೆ ಮಾತು.

ಸಂಗತಿ ಇಷ್ಟು. ನನ್ನ ಮಾವ ಸತ್ತೆಪ್ಪನವರು ಯಮಕನಮರಡಿಯ ರೈತರು. ಸುಳಿ ನೋಡುವುದರಲ್ಲಿ ಸುತ್ತಲಿನ ಹಳ್ಳಿಗಳಿಗೆಲ್ಲ ಹೆಸರಾದವರು. ಎತ್ತಿನ ಮೈಮೇಲೆ ಅಲ್ಲಲ್ಲಿ ಕೂದಲು ಸುತ್ತಿಕೊಂಡು ಸುಳಿಯಾಗಿರುತ್ತದೆ. ಅದು ಬೆನ್ನಿನ ಮೇಲಿದೆಯೋ ಕೊರಳಿನಲ್ಲಿದೆಯೋ, ಎಡಕ್ಕೆ ತಿರುಗಿದೆಯೋ ಬಲಕ್ಕೋ ಎಂದು ನೋಡಿ, ಈ ಎತ್ತು ಮನೆಗೆ ಆಗಿಬರುತ್ತದೆ, ಇದು ಆಗಿಬರುವುದಿಲ್ಲ ಎಂದು ಹೇಳುತ್ತಾರೆ. ಹುಕ್ಕೇರಿ ಕಡೆಯ ರೈತರು ಎತ್ತು ಕೊಳ್ಳುವ ಮುನ್ನ ಮೋಟರ್ ಸೈಕಲ್ ತಂದು ಇವರನ್ನು ಕೂರಿಸಿಕೊಂಡು ಹೋಗುತ್ತಾರೆ. ನನಗೆ ಇದರಲ್ಲಿ ನಂಬಿಕೆ ಇಲ್ಲ. ಆದರೆ ಮದುವೆಗೆ ಮುಂಚೆ ನನ್ನನ್ನು ನೋಡಲು ಬಂದಾಗ ಮಾವನವರು ಒಂದು ಮಾತೂ ಆಡದೆ ಹತ್ತು ನಿಮಿಷ ನನ್ನ ನೆತ್ತಿಯನ್ನೇ ನೋಡಿದ್ದರು. ಅಂದಿನಿಂದ ಈ ವಿಷಯದಲ್ಲಿ ನಾನು ವಾದ ಮಾಡುವುದಿಲ್ಲ.

ಈ ಬೇಸಿಗೆಯಲ್ಲಿ ಮಾವನವರ ಜೋಡೆತ್ತಿನಲ್ಲಿ ಒಂದು ತೀರಿಕೊಂಡಿತು. ಉಳಿದದ್ದು ಸರದಾರ. ಅದು ಜೋಡಿ ಹೋದ ದಿನದಿಂದ ಮೇವಿನ ಗೋದಲಿಗೆ ಬಾಯಿ ಹಾಕುವುದನ್ನೇ ಕಡಿಮೆ ಮಾಡಿತು. ಬಾಜೂಕ್ಕೆ ಬೇಗ ಇನ್ನೊಂದು ಎತ್ತು ತಂದು ಕಟ್ಟಬೇಕು ಎಂದು ಮಾವನವರು ಊರೂರು ತಿರುಗಲು ಹೊರಟಾಗಲೇ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ತೊಡೆಯತನಕ ಪ್ಲಾಸ್ಟರ್!

"ನಮ್ಮಪ್ಪ ಕಾಲ ಮುರದಾಗ ಹುಯ್ಯ ಅನ್ನಲಿಲ್ಲಂತ್ರಿ," ಎಂದು ನನ್ನ ಹೆಂಡತಿ ಸುವರ್ಣಾ ತಾಯಿಯ ಜೊತೆ ಫೋನಿನಲ್ಲಿ ಮಾತಾಡಿ ಬಂದು ಕಣ್ಣೊರೆಸಿಕೊಂಡಳು. "ಸರದಾರ ಮೇವ ಬಿಟ್ಟದ್ದ ನೋಡಿ ಅತ್ತಾನಂತ. ಅದರ ಪಕ್ಕಡಿ ಎಲುಬ ಎಣಿಸಬಹುದಂತ್ರಿ ಈಗ."

ಅಷ್ಟರಲ್ಲಿ ಮಸಗುಪ್ಪಿಯ ಬಾಳಪ್ಪನ ಎತ್ತಿನ ಸುದ್ದಿ ಬಂತು. ಬಣ್ಣ, ಎತ್ತರ, ವಯಸ್ಸು ಎಲ್ಲ ಸರದಾರನಿಗೆ ತಕ್ಕ ಜೋಡಿ. ಬಾಳಪ್ಪನ ಮನೆಯಲ್ಲಿ ತಮ್ಮಂದಿರು ಟ್ರ್ಯಾಕ್ಟರ್ ತಂದಿದ್ದರಿಂದ ಎತ್ತು ಸುಮ್ಮನೆ ನಿಂತಿತ್ತು. ವ್ಯವಹಾರವೆಲ್ಲ ಫೋನಿನಲ್ಲೇ ಮಾತಾಗಿತ್ತು. ಆದರೆ ಬುಧವಾರ ನಾಲ್ಕು ಗಂಟೆಗೆ ಒಬ್ಬ ದಲ್ಲಾಳಿ ಬಂದು ಎತ್ತು ಹೊಡೆದುಕೊಂಡು ಹೋಗುವವನಿದ್ದ. ಅದರೊಳಗೆ ಮಾವನವರು ಹೂಂ ಎನ್ನಬೇಕು. ಮಾವನವರೋ ಮಂಚದ ಮೇಲೆ. "ಸುಳಿ ನೋಡಲಾರದ ಎತ್ತ ನನ್ನ ಅಂಗಳಾ ತುಳ್ಯಾಂಗಿಲ್ಲ" ಎಂದು ಅವರು ಪಟ್ಟು ಹಿಡಿದರು. ಬೇರೆ ಯಾರ ಕಣ್ಣನ್ನೂ ನಂಬುವ ಜನ ಅವರಲ್ಲ.

ಆಗ ನಾನು ಎದೆಯುಬ್ಬಿಸಿ ಮುಂದೆ ಬಂದೆ. ಬಾರದಿದ್ದರೆ ಎಷ್ಟು ಚೆನ್ನಾಗಿತ್ತು!

ಆ ದಿನಗಳಲ್ಲಿ ನಾನು ಒಂದು ಹೊಸ ವಿಡಿಯೋ ಸಂಕೋಚನ ತಂತ್ರಜ್ಞಾನದ ಬಗ್ಗೆ ಬಹಳ ಓದಿಕೊಂಡಿದ್ದೆ. ನೆಟ್‌ವರ್ಕು ಎಷ್ಟೇ ಬಡಕಲಾಗಿರಲಿ, ಅದು ವಿಡಿಯೋವನ್ನು ಹಿಂಡಿ ಹಿಪ್ಪೆ ಮಾಡಿ, ಸಣ್ಣದೊಂದು ಗಂಟು ಕಟ್ಟಿ ಕಳಿಸುತ್ತದೆ. ಚಿತ್ರದಲ್ಲಿ ಬದಲಾದ ಭಾಗವನ್ನಷ್ಟೇ ಕಳಿಸುತ್ತದೆ, ಬದಲಾಗದ್ದನ್ನು ಕಳಿಸುವುದೇ ಇಲ್ಲ. ಕಣ್ಣಿಗೆ ಅಷ್ಟಾಗಿ ಬೇಡವಾದ ಸಣ್ಣಪುಟ್ಟ ವಿವರಗಳನ್ನು ಒರೆಸಿಹಾಕುತ್ತದೆ. ಆ ಕಡೆಯ ಫೋನು ಬಿಟ್ಟುಹೋದ ಜಾಗವನ್ನು ಊಹೆಯಿಂದ ತುಂಬಿಕೊಳ್ಳುತ್ತದೆ. ಎತ್ತಿನ ವಿಷಯದಲ್ಲಿ ಆ 'ಸಣ್ಣಪುಟ್ಟ ವಿವರ' ಎಂದರೆ ಕೂದಲು ಎಂಬುದು ಆಗ ನನ್ನ ತಲೆಗೆ ಹೊಳೆಯಲಿಲ್ಲ.

ಭಾನುವಾರ ಯಮಕನಮರಡಿಗೆ ಹೋಗಿ ಅತ್ತೆಯವರ ಫೋನಿಗೆ ಆ ಹೊಸ ಆ್ಯಪ್ ಹಾಕಿಕೊಟ್ಟೆ. ಮಾವನವರು ಮಂಚದ ಮೇಲಿಂದಲೇ ನನ್ನನ್ನು ವಿಚಾರಣೆಗೆ ತೆಗೆದುಕೊಂಡರು.

"ಅಳ್ಯಾರ, ಸಂಕೋಚನ ಅಂದ್ರ ಏನ್ರಿ?"

"ಮಾವಾರ, ದೊಡ್ಡ ಚಿತ್ರಾ ಇಲ್ಲಿ ಸಣ್ಣದ ಮಾಡಿ ಕಳಸೂದು. ಅಲ್ಲಿ ಮತ್ತ ಬಿಚ್ಚಿ ದೊಡ್ಡದ ಮಾಡೂದು. ಅಷ್ಟ."

"ಅಂದ್ರ ಕಬ್ಬಿನ ಹಾಲ ಕಾಸಿ ಬೆಲ್ಲಾ ಮಾಡಿದಂಗ?"

"ಬರೋಬ್ಬರಿ ಹೇಳಿದ್ರಿ!" ಎಂದು ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬನಿಗೂ ಇಷ್ಟು ಬೇಗ ಹೊಳೆದಿರಲಿಲ್ಲ.

"ಆದ್ರ ಬೆಲ್ಲದಿಂದ ಮತ್ತ ಕಬ್ಬಿನ ಹಾಲ ಆಗೂದಿಲ್ಲಲ್ರಿ ಅಳ್ಯಾರ."

ನಾನು ಮತ್ತೆ ಕುರ್ಚಿಯಲ್ಲಿ ಕೂತೆ. ಅತ್ತೆಯವರು ಚಹಾ ತಂದದ್ದರಿಂದ ಚರ್ಚೆ ಅಲ್ಲಿಗೆ ನಿಂತಿತು. ಚಹಾ ಬಾರದೆ ಹೋಗಿದ್ದರೆ ನಾನೇನು ಉತ್ತರ ಕೊಡುತ್ತಿದ್ದೆನೋ ಇಂದಿಗೂ ತಿಳಿಯದು.

ಬುಧವಾರ ಬೆಳಿಗ್ಗೆ ಶಾಲೆಗೆ ರಜೆ ಹಾಕಿ ಸುವರ್ಣಾಳನ್ನು ಹಿಂದೆ ಕೂರಿಸಿಕೊಂಡು ಅರಭಾವಿ ದಾಟಿ ಮಸಗುಪ್ಪಿಗೆ ಹೊರಟೆ. ದಾರಿಯುದ್ದಕ್ಕೂ ಅವಳದು ಒಂದೇ ರಾಗ.

"ಏನ್ರಿ, ನಾ ಎತ್ತ ನೋಡಿ ಅಪ್ಪಗ ಬಾಯಿಲೆ ಹೇಳಿದ್ರ ಆಗಾಂಗಿಲ್ಲೇನ್ರಿ? ಸಣ್ಣಾಕಿ ಇದ್ದಾಗಿಂದ ಎತ್ತಿನ ಜೋಡಿನ ಬೆಳದೇನಿ."

"ಸುವರ್ಣಾ, ಇದು ಕೇಳಿ ತಿಳಿಯೂ ವಿಷಯ ಅಲ್ಲ, ನೋಡಿ ತಿಳಿಯೂದು. ಈಗಿನ ಕಾಲದಾಗ ಬಾಯಿಲೆ ಯಾರ ಹೇಳ್ತಾರ?"

"ಹಂಗಾದ್ರ ನೀವು ದಿನಾ ಸಾಲ್ಯಾಗ ಏನ ಮಾಡತೀರಿ?"

ನಾನು ಗಾಡಿಯ ವೇಗ ಹೆಚ್ಚಿಸಿದೆ. ಗಾಳಿಯಲ್ಲಿ ಮಾತು ಕೇಳಿಸುವುದಿಲ್ಲ.

ಬಾಳಪ್ಪ ಐವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಅಂಗಳದಲ್ಲಿ ಎತ್ತನ್ನು ತೊಳೆದು ನಿಲ್ಲಿಸಿದ್ದ. ಎಂಥ ಎತ್ತು! ನನಗೆ ಎತ್ತಿನ ಬಗ್ಗೆ ಏನೂ ಗೊತ್ತಿಲ್ಲದಿದ್ದರೂ ಗೊತ್ತಿರುವವನಂತೆ ತಲೆಯಾಡಿಸುವಷ್ಟು ಚೆನ್ನಾಗಿತ್ತು. ನಾನು ಫೋನು ತೆಗೆದೆ. ನೆಟ್‌ವರ್ಕಿನ ಒಂದೇ ಕಡ್ಡಿ, ಇಂಟರ್‌ನೆಟ್ಟು ಇಲ್ಲ.

"ಮಾಸ್ತರ್ರ, ಮಾತಾಡಾಕ ಇಲ್ಲೇ ಕೆಳಗ ನಡೀತೈತ್ರಿ," ಎಂದ ಬಾಳಪ್ಪ. "ವಿಡಿಯೋ ಅಂದ್ರ ಮಾತ್ರ ಬಣವಿ ಹತ್ತಬೇಕು. ನಮ್ಮ ತಮ್ಮ ಕ್ರಿಕೆಟ್ ನೋಡೂದು ಅಲ್ಲೇ."

ಅಂಗಳದ ಅಂಚಿನಲ್ಲಿ ಕಣಕಿಯ, ಎಂದರೆ ಒಣ ಜೋಳದ ದಂಟಿನ, ಬಣವೆ ಎರಡಾಳು ಎತ್ತರಕ್ಕೆ ನಿಂತಿತ್ತು. ಬಾಳಪ್ಪ ಕೆಳಗಿನಿಂದ ನೂಕಿದ, ನಾನು ಕಣಕಿ ಹಿಡಿದು ಮೈಯನ್ನು ಮೇಲೆಳೆದುಕೊಂಡೆ. ಅರ್ಧಕ್ಕೆ ಪ್ಯಾಂಟು ಎಲ್ಲೋ ಪರ್ ಎಂದಿತು. ವಿಜ್ಞಾನಕ್ಕಾಗಿ ಹಿಂದೆ ಎಷ್ಟೋ ಮಹನೀಯರು ಇದಕ್ಕಿಂತ ಹೆಚ್ಚಿನ ತ್ಯಾಗ ಮಾಡಿದ್ದಾರೆ ಎಂದುಕೊಂಡು ಹತ್ತಿದೆ. ತುದಿಯಲ್ಲಿ ಎರಡು ಕಡ್ಡಿ ಸಿಕ್ಕಿತು!

ಆ್ಯಪ್ ತೆರೆದ ಕೂಡಲೇ ಒಂದು ಪ್ರಶ್ನೆ ಬಂತು. ನೆಟ್‌ವರ್ಕು ದುರ್ಬಲವಾಗಿದೆ, ಯಾವುದಕ್ಕೆ ಆದ್ಯತೆ ಕೊಡಬೇಕು? ಮೊದಲನೆಯ ಆಯ್ಕೆ 'ಮುಖ'. ನಾನು ವಿಚಾರ ಮಾಡಿದೆ. ಎತ್ತಿಗೂ ಮುಖವಿದೆ. ಒಳ್ಳೆಯ ಮುಖ. ಒತ್ತಿದೆ.

ಪರದೆಯ ಮೇಲೆ ಅತ್ತೆಯವರ ಹಣೆ ಕಾಣಿಸಿತು. ಹಣೆಯ ಕುಂಕುಮ ಕಣ ಕಣವಾಗಿ ಸ್ಪಷ್ಟವಾಗಿತ್ತು. ಆಮೇಲೆ ಅವರು ಫೋನನ್ನು ಮಾವನವರ ಮುಂದೆ ಹಿಡಿದರು. ನಾನು ಬಣವೆಯ ಅಂಚಿನಲ್ಲಿ ಮಂಡಿಯೂರಿ ಎತ್ತಿನ ಕಡೆಗೆ ಫೋನು ತಿರುಗಿಸಿದೆ.

"ಕಾಣತೈತೇನ್ರಿ ಮಾವಾರ?"

"ಹೌದ್ರಿ, ಬಾಳ ಸ್ವಚ್ಛ ಕಾಣತೈತಿ. ಬಾಳಪ್ಪ ಇವತ್ತ ದಾಡಿ ಮಾಡ್ಕೊಳ್ಳಾಗ ಗದ್ದ ಕೊಯ್ಕೊಂಡಾನ."

ಕೆಳಗೆ ನಿಂತಿದ್ದ ಬಾಳಪ್ಪ ಬೆಚ್ಚಿಬಿದ್ದು ಗದ್ದ ಮುಟ್ಟಿ ನೋಡಿಕೊಂಡ. ಖರೇನೇ ಕೊಯ್ದಿತ್ತು! ಎರಡು ತಾಲೂಕಿನ ಆಚೆಯಿಂದ ಬಾಳಪ್ಪನ ಗದ್ದದ ಗಾಯ ಕಂಡಿತ್ತು. ನಾನು ಹೆಮ್ಮೆಯಿಂದ ಸುವರ್ಣಾಳ ಕಡೆ ನೋಡಿದೆ. ಅವಳು ನನ್ನ ಪ್ಯಾಂಟಿನ ಕಡೆ ನೋಡುತ್ತಿದ್ದಳು.

"ಎತ್ತ ಹೆಂಗ ಅನ್ನಸ್ತೈತ್ರಿ?"

"ಎತ್ತ ಎಲ್ಲೈತ್ರಿ?"

"ಬಾಳಪ್ಪನ ಬಾಜೂಕ ಐತಲ್ರಿ."

"ಬಾಜೂಕ ಬೆಳ್ಳಂದ ಏನೋ ಐತಿ. ಅದ ಗೋಡಿ ಅಲ್ಲೇನ್ರಿ?"

ಆಗ ನನಗೆ ಅರಿವಾಯಿತು. ಈ ತಂತ್ರಜ್ಞಾನವನ್ನು ರೂಪಿಸಿದ ಮಹಾಶಯರಿಗೆ ಮುಖವೆಂದರೆ ಮನುಷ್ಯನ ಮುಖ ಮಾತ್ರ. ಅವರ ಲೆಕ್ಕದಲ್ಲಿ ಉಳಿದದ್ದೆಲ್ಲ ಹಿನ್ನೆಲೆ! ನಮ್ಮ ಎತ್ತು ಹಿನ್ನೆಲೆಗೆ ಹೋಗಿ ನುಣ್ಣಗೆ ಗೋಡೆಯಾಗಿತ್ತು. ಆಯ್ಕೆ ಬದಲಿಸಲು ಒತ್ತಿದೆ. ನೆಟ್‌ವರ್ಕು ದುರ್ಬಲವಿರುವಾಗ ಬದಲಿಸಲು ಬರುವುದಿಲ್ಲ ಎಂಬ ವಿನಮ್ರ ಸೂಚನೆ ಬಂತು.

ಆದರೂ ನಾನು ಧೃತಿಗೆಡಲಿಲ್ಲ. ಬಾಳಪ್ಪನ ಮುಖ ಇರುವುದರಿಂದಲ್ಲವೇ ತೊಂದರೆ?

"ಬಾಳಪ್ಪಣ್ಣ, ನೀವ ಸ್ವಲ್ಪ ಮರ್ಯಾಗ ಹೋಗ್ರಿ."

ಬಾಳಪ್ಪ ಬೇವಿನ ಗಿಡದ ಮರೆಗೆ ಹೋದ. ಈಗ ಎತ್ತು ಒಂದೇ. ಚಿತ್ರ ಸ್ವಲ್ಪ ಸುಧಾರಿಸಿತು. ಕೊಂಬು ಬಂತು, ಕಿವಿ ಬಂತು. ಮಾವನವರು "ಹೂಂ, ಹೂಂ" ಎಂದರು. ಎರಡು ನಿಮಿಷ ಕಳೆಯಿತು.

"ಅಳ್ಯಾರ, ಇದು ಫೋಟೋ ಏನ್ರಿ?"

"ಇಲ್ರಿ ಮಾವಾರ, ವಿಡಿಯೋ."

"ಮತ್ತ ಕಣ್ಣ ಪಿಳಕಸವಲ್ದು? ಕಿವಿ ಅಲ್ಲಾಡಸವಲ್ದು? ಜೀವ ಐತಿಲ್ಲೋ ನೋಡ್ರಿ ಅದಕ!"

ಎತ್ತು ಸಂಭಾವಿತ. ಬಾಳಪ್ಪ ನಿಲ್ಲು ಎಂದದ್ದಕ್ಕೆ ನಿಂತಿತ್ತು. ಬದಲಾಗದ್ದನ್ನು ಕಳಿಸುವುದಿಲ್ಲ ಎಂಬ ನಿಯಮದ ಪ್ರಕಾರ ನಮ್ಮ ಫೋನು ಎತ್ತಿನ ಒಂದು ಚಿತ್ರ ಕಳಿಸಿ ವಿಶ್ರಾಂತಿ ತೆಗೆದುಕೊಂಡಿತ್ತು. ಅದು ಅಷ್ಟಿಷ್ಟು ಅಲ್ಲಾಡಿಸಿದ ಕಿವಿ ಯಾವ ಲೆಕ್ಕಕ್ಕೂ ಬರಲಿಲ್ಲ.

"ಬಾಳಪ್ಪಣ್ಣ, ಎತ್ತ ನಡಸ್ರಿ! ನಡಿಗಿ ನೋಡ್ಲಿ."

ಬಾಳಪ್ಪ ಮರೆಯಿಂದ ಓಡಿಬಂದು ಹಗ್ಗ ಹಿಡಿದು ಅಂಗಳದಲ್ಲಿ ಎತ್ತನ್ನು ಅತ್ತಿಂದಿತ್ತ ನಡೆಸಿದ. ಮೇಲಿನಿಂದ ನೋಡುತ್ತಿದ್ದ ನನಗೇ ಖುಷಿಯಾಯಿತು. ರಾಜಗಾಂಭೀರ್ಯ! ಆದರೆ ಯಮಕನಮರಡಿಗೆ ತಲುಪುವಷ್ಟರಲ್ಲಿ ಚಿತ್ರಗಳಲ್ಲಿ ಕೆಲವು ಬಿದ್ದುಹೋಗಿ ಕೆಲವು ಉಳಿಯುತ್ತಿದ್ದವು. ಮುಂದಿನ ಎಡಗಾಲು ಯಾವಾಗಲೂ ಬಿದ್ದುಹೋದ ಚಿತ್ರದಲ್ಲೇ ನೆಲಕ್ಕೂರುತ್ತಿತ್ತೋ ಏನೋ!

"ಅಳ್ಯಾರ," ಮಾವನವರ ದನಿ ಕುಸಿದಿತ್ತು. "ಎತ್ತ ಕುಂಟತೈತಿ."

ಫೋನಿನ ಸ್ಪೀಕರು ಆನ್ ಇತ್ತು. ನಾನು ಮಾಡಿದ ಇನ್ನೊಂದು ಬುದ್ಧಿವಂತಿಕೆ.

ಬಾಳಪ್ಪ ಹಗ್ಗ ಕೈಬಿಟ್ಟ. ಅಷ್ಟು ಹೊತ್ತೂ ಹೌದು, ಇಲ್ಲ ಎಂದಷ್ಟೇ ಮಾತಾಡುತ್ತಿದ್ದ ಮನುಷ್ಯ ಬಣವೆಯನ್ನು ಎರಡೇ ಹೆಜ್ಜೆಯಲ್ಲಿ ಹತ್ತಿ ಬಂದು ನನ್ನ ಕೈಯಲ್ಲಿದ್ದ ಫೋನಿನ ಕ್ಯಾಮರಾಕ್ಕೇ ಮುಖ ಹಚ್ಚಿದ.

"ಯಾವದ್ರಿ ಕುಂಟ? ನನ್ನ ಎತ್ತ ಕುಂಟ? ಅದರ ಕಾಲಿಗಿ ಜಾಲಿ ಮುಳ್ಳ ನಟ್ಟಾಗ ನಾ ಹಲ್ಲಿಲೆ ಕಿತ್ತ ತಗದೇನ್ರಿ! ನಮ್ಮ ತಮ್ಮಂದ್ರ ಮಾರು ಮಾರು ಅಂದ್ರಂತ ಮಾರಾಕತ್ತೇನಿ, ನನಗೇನ ಹೌಸ ಇಲ್ಲ. ನೀವು ಒಯ್ಯಬ್ಯಾಡ್ರಿ ಬೇಕಾದ್ರ. ಕುಂಟ ಅನಬ್ಯಾಡ್ರಿ!"

ಅವನ ಕಣ್ಣುಗಳು ತುಂಬಿದ್ದವು. ಎಲ್ಲಿ ನೋಡಬೇಕೋ ತಿಳಿಯದೆ ನಾನು ನಾಚಿಕೆಯಿಂದ ಕಣಕಿ ನೋಡಿದೆ. ಒಬ್ಬ ಮನುಷ್ಯ ಸಾಕಿದ ಜೀವವನ್ನು ನನ್ನ ಫೋನು ಅವನೆದುರೇ ಕುಂಟು ಮಾಡಿತ್ತು. ಬಾಳಪ್ಪ ಮೂಗು ಒರೆಸಿಕೊಂಡು ಇಳಿದುಹೋದ.

ಆಮೇಲೆ ಮಾವನವರು, "ಸಾಕ್ರಿ ಅಳ್ಯಾರ, ಇಳೀರಿ ಕೆಳಗ," ಎಂದರು.

ಎಲ್ಲ ಮುಗಿಯಿತು ಎಂದುಕೊಂಡೆ. ಎತ್ತು ದಲ್ಲಾಳಿಯ ಪಾಲು, ಸರದಾರ ಉಪವಾಸ, ಬಾಳಪ್ಪನಿಗೆ ಅವಮಾನ, ನನಗೆ ಮಾವನ ಮನೆಯಲ್ಲಿ ಶಾಶ್ವತ ಅಪಕೀರ್ತಿ. ಆ ಕ್ಷಣದಲ್ಲಿ ಇಳಿದಿದ್ದರೆ ಈ ಬರಹ ಇಲ್ಲಿಗೇ ನಿಲ್ಲುತ್ತಿತ್ತು. ಆದರೆ ನಾನು ಹೇಳಿದ ಕೂಡಲೇ ಇಳಿಯುವ ಮನುಷ್ಯನಲ್ಲ.

"ಮಾವಾರ, ಐದ ನಿಮಿಷ ತಡೀರಿ! ಸುಳಿ ತೋರಸ್ತೇನಿ!" ಎಂದು ಕೂಗಿ ಫೋನನ್ನು ಬಣವೆಯ ತುದಿಯಲ್ಲಿ ಕಣಕಿಗೆ ಒರಗಿಸಿಟ್ಟೆ. ಜಾರಿ ಕೆಳಗೆ ಬಂದೆ. ಪ್ಯಾಂಟು ಇನ್ನೊಂದು ಸಲ ಪರ್ ಎಂದಿತು.

ನನ್ನ ತರ್ಕ ಹೀಗಿತ್ತು. ಈ ತಂತ್ರಜ್ಞಾನ ಸಣ್ಣ ವಿವರಗಳನ್ನು ಅಳಿಸುತ್ತದೆ. ಆದ್ದರಿಂದ ಸಣ್ಣ ವಿವರಗಳನ್ನು ನಾವೇ ದೊಡ್ಡದು ಮಾಡಬೇಕು. ಪ್ರತಿಯೊಂದು ಸುಳಿಯ ಸುತ್ತ ಕೆಂಪು ಬಣ್ಣದಲ್ಲಿ ಒಂದೊಂದು ದಪ್ಪ ವೃತ್ತ ಬರೆದುಬಿಟ್ಟರೆ ಯಾವ ಯಂತ್ರಕ್ಕೂ ಅಳಿಸಲು ಆಗದು. ಕೊಟ್ಟಿಗೆಯ ಮೂಲೆಯಲ್ಲಿ ಹಳೆಯ ಡಬ್ಬಿಯೊಂದರಲ್ಲಿ ಕೆಮ್ಮಣ್ಣು ಕಲಸಿಟ್ಟಿತ್ತು. ಡಬ್ಬಿಗೆ ಕೈ ಹಾಕಿದೆ.

"ಮಾಸ್ತರ್ರ, ಎತ್ತಿಗಿ ಬಣ್ಣಾ ಹಚ್ಚೂದು ಕಾರಹುಣ್ಣಿವಿಗಿ. ಇನ್ನೂ ಟೈಮ ಐತ್ರಿ," ಎಂದ ಬಾಳಪ್ಪ, ಸಿಟ್ಟೂ ಮರೆತು.

"ಏನ್ರಿ, ಸುಳಿ ಯಾವದು ಅಂತ ನಿಮಗ ಗೊತ್ತೈತಿ?" ಎಂದಳು ಸುವರ್ಣಾ.

"ಕೂದಲಾ ಸುತ್ತಿದ್ದೆಲ್ಲಾ ಸುಳಿ!"

ಒಂದು, ಎರಡು, ಮೂರು. ನಾನು ಎತ್ತಿನ ಸುತ್ತ ತಿರುಗುತ್ತ ಕಂಡ ಕಂಡಲ್ಲಿ ವೃತ್ತ ಬರೆದೆ. ಶಾಲೆಯಲ್ಲಿ ಕರಿಹಲಗೆಯ ಮೇಲೆ ಇಷ್ಟು ದುಂಡಗೆ ಎಂದೂ ಬಂದಿರಲಿಲ್ಲ. ಒಟ್ಟು ಹನ್ನೊಂದಾದವು!

"ಅಯ್ಯ, ಅದು ಸುಳಿ ಅಲ್ರಿ," ಎಂದು ಸುವರ್ಣಾ ಹಣೆ ಚಚ್ಚಿಕೊಂಡಳು. "ಎತ್ತ ನಾಲಿಗೀಲೆ ನೆಕ್ಕೈತಿ ಅಲ್ಲೆ!"

ಆಗ ನನಗೆ ಕೇಳುವ ವ್ಯವಧಾನವಿರಲಿಲ್ಲ. ಮತ್ತೆ ಬಣವೆ ಹತ್ತಿ ಫೋನು ಕೈಗೆತ್ತಿಕೊಂಡು ಎತ್ತಿನ ಕಡೆ ಹಿಡಿದೆ. ಫೋನು ನನ್ನ ಹನ್ನೊಂದು ವೃತ್ತಗಳನ್ನೂ ನಿಷ್ಠೆಯಿಂದ ಹಿಂಡಿ, ಒರೆಸಿ, ಗಂಟು ಕಟ್ಟಿ ಕಳಿಸಿತು. ಆ ಕಡೆಯ ಫೋನು ಗಂಟು ಬಿಚ್ಚಿ ಉಳಿದದ್ದನ್ನು ಊಹೆ ಮಾಡಿಕೊಂಡಿತು. ಎತ್ತಿನ ಮೈತುಂಬ ಕೆಂಪು ಹರಿದಿರಬೇಕು.

"ಅಯ್ಯಯ್ಯ ಯವ್ವಾ, ರಗತ!" ಎಂದು ಅತ್ತೆಯವರು ಚೀರಿದರು. "ಎತ್ತ ಹಾಯ್ದೈತಿ! ಅಳ್ಯಾರಿಗಿ ಎತ್ತ ಹಾಯ್ದೈತಿ!"

"ಏನಿಲ್ರಿ ಅತ್ತಿಯಾರ, ನಾ ಆರಾಮ ಅದೇನಿ!" ಎಂದು ನಾನು ಕೂಗಿದೆ. ಅವರಿಗೆ ಸಮಾಧಾನವಾಗಲಿ ಎಂದು ಕ್ಯಾಮರಾ ನನ್ನ ಕಡೆ ತಿರುಗಿಸಿದೆ. ಬೆವರು ಹರಿಯುತ್ತಿತ್ತು. ಕೆಮ್ಮಣ್ಣಿನ ಕೈಯಿಂದಲೇ ಹಣೆ, ಕೆನ್ನೆ, ಮೂಗು ಎಲ್ಲ ಒರೆಸಿಕೊಂಡು ನಗುಮುಖದಿಂದ ಕೈ ಬೀಸಿದೆ.

ಅತ್ತೆಯವರು ಚೀರಿದ ಎರಡನೆಯ ಚೀರು ಫೋನಿಲ್ಲದೆಯೂ ಮಸಗುಪ್ಪಿಗೆ ಕೇಳಿಸುವಂತಿತ್ತು.

ಅದೇ ಹೊತ್ತಿಗೆ ಬಾಳಪ್ಪ ಕೈಬಿಟ್ಟಿದ್ದ ಎತ್ತು ಬಣವೆಯ ಬುಡಕ್ಕೆ ಬಂದಿತ್ತು. ಬೆಳಿಗ್ಗೆಯಿಂದ ನಿಲ್ಲು ಎಂದರೆ ನಿಂತು, ನಡೆ ಎಂದರೆ ನಡೆದು, ಕೊನೆಗೆ ಮೈತುಂಬ ಬಣ್ಣ ಬಳಿಸಿಕೊಂಡ ಜೀವ. ಹಸಿವಾಗಿರಬೇಕು. ಬುಡದ ಒಂದು ಸಿವುಡು ಕಣಕಿಗೆ ಬಾಯಿ ಹಾಕಿ ಜಗ್ಗಿತು. ನಾನು ಕೂತಿದ್ದ ಭಾಗವೆಲ್ಲ ನಿಧಾನವಾಗಿ ಹೊರಟಿತು. ಮೊದಲು ಮೇವು, ಮೇವಿನ ಜೊತೆ ವಿಜ್ಞಾನ, ವಿಜ್ಞಾನದ ಹಿಂದೆ ನಾನು!

ಕಣ್ಣು ಬಿಟ್ಟಾಗ ಕಣಕಿಯ ರಾಶಿಯಲ್ಲಿ ಕುತ್ತಿಗೆಯತನಕ ಹೂತಿದ್ದೆ. ಎದುರಿಗೆ ಎತ್ತು ನನ್ನನ್ನೇ ನೋಡುತ್ತ ಮೆಲುಕು ಹಾಕುತ್ತಿತ್ತು. ಫೋನು ದನಕ್ಕೆ ನೀರು ಕುಡಿಸುವ ಡೋಣಿಯಲ್ಲಿ ಮುಳುಗಿತ್ತು.

ಸುವರ್ಣಾಳ ಹಳೆಯ ಗುಂಡಿ ಒತ್ತುವ ಫೋನು ರಿಂಗಾಯಿತು. ಯಮಕನಮರಡಿಯಿಂದ.

"ಏನೂ ಆಗಿಲ್ಲ ಬಿಡವ್ವಾ. ರಗತ ಅಲ್ಲ, ಕೆಮ್ಮಣ್ಣು. ಬಣವಿ ಮ್ಯಾಲಿಂದ ಕೆಳಗ ಬಂದಾರ... ಇಲ್ಲವ್ವಾ, ಇಳೀಲಿಲ್ಲ. ಬಿದ್ದಾರ... ಹೂಂ, ಮಾತಾಡ್ತಾರ. ಅದೊಂದಕ್ಕೇನೂ ಆಗಿಲ್ಲ."

ಆಮೇಲೆ ಅವಳು ಫೋನನ್ನು ಬಾಳಪ್ಪನಿಗೆ ಕೊಟ್ಟಳು. ಮಾವನವರಿಗೆ ಅವನ ಹತ್ತಿರ ಮಾತಿತ್ತು. ಬಾಳಪ್ಪ ಮುಖ ಗಂಟಿಕ್ಕಿಕೊಂಡೇ ಕಿವಿಗೆ ಹಿಡಿದ. ಆ ಕಡೆಯಿಂದ ಒಂದೇ ಪ್ರಶ್ನೆ ಬಂತೆಂದು ಆಮೇಲೆ ಹೇಳಿದ.

"ಬಾಳಪ್ಪಾ, ಅದರ ಹೆಸರೇನಪಾ?"

"ಬಿಳ್ಯಾ ಅಂತೇವ್ರಿ," ಎಂದ ಬಾಳಪ್ಪ.

"ಬಿಳ್ಯಾನ್ನ ನಾಳೆ ಟೆಂಪೋದಾಗ ಕರ್ಕೊಂಡ ಬಾರಪಾ. ನೀನ ಜೋಡಿ ಬಾ. ನಮ್ಮ ಮನ್ಯಾಗ ಉಂಡ ಹೋಗು."

ಮರುದಿನ ನಾವೆಲ್ಲ ಯಮಕನಮರಡಿಗೆ ಹೋದೆವು. ಮಾವನವರು ಅಂಗಳದಲ್ಲಿ ಹೊರಸು ಹಾಕಿಸಿಕೊಂಡು ಕೂತಿದ್ದರು. ಬಿಳ್ಯಾ ಟೆಂಪೋದಿಂದ ಇಳಿದಾಗ ಓಣಿಯ ಜನ ಸೇರಿದರು. ಅವರೆಲ್ಲ ಎತ್ತು ನೋಡಿದವರೇ. ಹನ್ನೊಂದು ವೃತ್ತವಿರುವ ಎತ್ತನ್ನು ಮಾತ್ರ ಯಾರೂ ನೋಡಿರಲಿಲ್ಲ. ಮಾವನವರು ಎತ್ತನ್ನು ಹತ್ತಿರ ಕರೆಸಿಕೊಂಡು ಕೊರಳು, ಬೆನ್ನು, ಪಕ್ಕೆಗಳ ಮೇಲೆ ಬೆರಳಾಡಿಸಿದರು.

"ಹನ್ನೊಂದರಾಗ ಒಂದರೇ ಸುಳಿ ಮ್ಯಾಲ ಬಂದೈತೇನ್ರಿ ಅಳ್ಯಾರ!" ಎಂದು ಹೆಗಲ ಡುಬ್ಬದ ಹಿಂದೆ ಬೆರಳಿಟ್ಟರು. "ಸುಳಿ ಇಲ್ಲೈತಿ ನೋಡ್ರಿ, ಇಣೀ ಹಿಂದ. ಚಲೋ ಸುಳಿ. ಇದೊಂದ ಜಾಗಾ ಬಿಟ್ಟ ಎಲ್ಲಾ ಕಡೆ ಹಚ್ಚೀರಿ."

ಬಿಳ್ಯಾನನ್ನು ಸರದಾರನ ಬಾಜೂಕ್ಕೆ ಕಟ್ಟಿದರು. ಸರದಾರ ಮೊದಲು ಸುಮ್ಮನೆ ನಿಂತಿತು. ಆಮೇಲೆ ಬಿಳ್ಯಾನ ಕೊರಳು ಮೂಸಿತು, ಒಂದು ವೃತ್ತವನ್ನು ನೆಕ್ಕಿತು, ಗೋದಲಿಗೆ ಬಾಯಿ ಹಾಕಿತು. ಕಣಕಿ ಕಟಕಟ ಕಡಿಯುವ ಸದ್ದು ಮಾತ್ರ ಕೇಳುತ್ತಿತ್ತು. ಮಾವನವರು ಮುಖ ಆ ಕಡೆ ತಿರುಗಿಸಿ ಧೋತರದ ಅಂಚಿನಿಂದ ಕಣ್ಣೊತ್ತಿಕೊಂಡರು. ಬಾಳಪ್ಪನೂ ಒತ್ತಿಕೊಂಡ. ನನಗೂ ಎದೆ ತುಂಬಿಬಂತು. ಇದರಲ್ಲಿ ಹಾಸ್ಯವೇನೂ ಇಲ್ಲ.

ನಾನು ಅಷ್ಟಕ್ಕೇ ಸುಮ್ಮನಿರಬೇಕಾಗಿತ್ತು. ಆದರೆ ಊಟವಾದ ಮೇಲೆ, ಬಾಳಪ್ಪ ಹೊರಟುಹೋದ ಮೇಲೆ, ಎಲೆ ಅಡಿಕೆ ಹಾಕುತ್ತ ಮಾವನವರ ಪಕ್ಕಕ್ಕೆ ಸರಿದು ಕೂತೆ.

"ಮಾವಾರ, ಏನರೇ ಅನ್ರಿ, ಕಡೀಕ ತಂತ್ರಜ್ಞಾನ ಕೆಲಸಾ ಮಾಡ್ತು. ಸುಳಿ ನೋಡಲಾರದ ಎತ್ತ ಅಂಗಳಾ ತುಳ್ಯಾಂಗಿಲ್ಲ ಅಂದಿದ್ರಿ. ವಿಡಿಯೋ ನೋಡಿ ಹೂಂ ಅಂದ್ರಿ!"

"ಖರೆ ಐತ್ರಿ," ಎಂದರು ಮಾವನವರು. "ಎತ್ತ ಒಂದೀಟೂ ಕಾಣಲಿಲ್ಲ. ಬಾಳಪ್ಪನ ಮಾರಿ ಮಾತ್ರ ಬಾಳ ಸ್ವಚ್ಛ ಕಾಣ್ತು. ಕುಂಟ ಅಂದಾಗ ಸುಳ್ಳ ಹೇಳಿ ಎತ್ತ ಮಾರಾವ ನಗತಾನ್ರಿ, ಆಣಿ ಮಾಡತಾನ. ಇಂವಾ ಅತ್ತ. ಅಷ್ಟ ಸಾಕಾತು ನನಗ. ಅದಕ್ಕ ಸಾಕ್ರಿ, ಇಳೀರಿ ಅಂದ್ನಿ."

ನನ್ನ ಬಾಯಲ್ಲಿದ್ದ ಎಲೆ ಅಲ್ಲಿಯೇ ನಿಂತಿತು. ಅಂದರೆ ಕೆಮ್ಮಣ್ಣು, ಹನ್ನೊಂದು ವೃತ್ತ, ಬಣವೆ, ಡೋಣಿ ಎಲ್ಲವೂ ವ್ಯವಹಾರ ಮುಗಿದ ಮೇಲಿನ ನನ್ನ ಸ್ವಂತ ಸಾಧನೆ!

"ನಿಮ್ಮ ಮಾರೀನೂ ಕಾಣತಿತ್ತ್ರಿ," ಎಂದು ಮಾವನವರು ನಿಧಾನವಾಗಿ ಸುಣ್ಣ ಹಚ್ಚಿದರು. "ನೀವು ಬೀಳೂದರಾಗ ಕಡೀ ಚಿತ್ರಾ ನಮ್ಮ ಫೋನಿನ್ಯಾಗ ಹಂಗ ನಿಂತಬಿಟ್ಟಿತ್ತು. ಬಾಯಿ ತಗದಿದ್ರಿ. ಒಳಗಿನ ದವಡಿ ಹಲ್ಲಿನ ಮಟಾ ಎಣಿಸಿದ್ವಿ ನಾನೂ ನಿಮ್ಮತ್ತೀನೂ."

"ನನ್ನ ಮಾರ್ಯಾಗ ಏನ ಕಂಡ್ರಿ ಮಾವಾರ?" ಕೇಳಬಾರದಾಗಿತ್ತು. ಕೇಳಿದೆ.

"ಎತ್ತಿನ ವಿಷಯದಾಗ ನಿಮ್ಮನ್ನ ಒಂದ ಮಾತೂ ಕೇಳಬಾರದು ಅನ್ನೂದು ಕಂಡ್ತು. ಅದಕ್ಕ ಬಾಳಪ್ಪಗ ಫೋನ ಕೊಡು ಅಂದ್ನಿ."

ಮದುವೆಯಾದಾಗಿನಿಂದ ಮಾವನವರು ನನ್ನನ್ನು ಇಷ್ಟು ಸ್ಪಷ್ಟವಾಗಿ ನೋಡಿದ್ದು ಇದೇ ಮೊದಲು. ವಿಜ್ಞಾನ ಮುಂದುವರಿದಿದೆ ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಸುವರ್ಣಾ ಒಳಗಿನಿಂದ ಬಕೆಟ್ಟು, ತೆಂಗಿನ ನಾರು ತಂದು ನನ್ನ ಮುಂದಿಟ್ಟಳು. ಹಚ್ಚಿದವರೇ ತೊಳೆಯಬೇಕಂತೆ. ನಾನು ಧೋತರ ಎತ್ತಿ ಕಟ್ಟಿಕೊಂಡು ಕೊಟ್ಟಿಗೆಗೆ ಹೋದೆ. ಎತ್ತಿನ ಯಾವ ಮಗ್ಗುಲಲ್ಲಿ ನಿಂತರೆ ಅದು ಒದೆಯುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಮಾವನವರು ಅಲ್ಲೇ ಹೊರಸಿನ ಮೇಲಿದ್ದರು, ಕೇಳಬಹುದಾಗಿತ್ತು. ಆದರೆ ಇನ್ನೂ ಒಂದು ಪ್ರಶ್ನೆ ಕೇಳಿ ಇದ್ದಬದ್ದ ಮಾನವನ್ನೂ ಕಳೆದುಕೊಳ್ಳಲು ಮನಸ್ಸಾಗಲಿಲ್ಲ.

ಎರಡೇ ನಿಮಿಷದಲ್ಲಿ ಬಿಳ್ಯಾ ತಾನೇ ಹೇಳಿಕೊಟ್ಟ!